ಹಳೆಯ ದೋಣಿಗೆ ಹೊಸ ಮೆತ್ತೆ

ಇಟಲಿಯ ಇಸೆಯೊ ಸರೋವರದ ದಂಡೆಯಲ್ಲಿ ಸಾರ್ನಿಕೊ ಎಂಬ ಊರಿದೆ. ಅಲ್ಲಿಯ ರೀವಾ ಕಾರ್ಖಾನೆಯ ‘ಅಕ್ವರಾಮ’ ಮೋಟಾರು ದೋಣಿ 1962ರಲ್ಲಿ ಹೊರಬಂದಿತು. 1996ರಲ್ಲಿ ಅದರ ನಿರ್ಮಾಣ ನಿಂತಿತು. ಅದರ ಮಹಾಗನಿ ಮೈಗೆ ಮೆರುಗೆಣ್ಣೆ ಬಳಿಯುವವರು ಸಿಕ್ಕಾರು. ಹರಿದ ಆಸನಗಳಿಗೆ ಹೊದಿಕೆ ಹೊಲಿಯುವವನನ್ನು ಹುಡುಕುವುದು ಒಡೆಯನ ಪಾಲಿಗೆ ತೀರ್ಥಯಾತ್ರೆಯೇ ಸರಿ.

ಕಾರಿನ ಸೀಟು ಹೊಲಿಯುವವರಿಗೇನೂ ಕೊರತೆಯಿಲ್ಲ. ಆದರೆ ಅವರಲ್ಲಿ ನೀರಿನ ಗುಣ ಬಲ್ಲವರು ವಿರಳ. ತೇವಕ್ಕೆ ಹತ್ತಿಯ ದಾರ ಕೊಳೆಯುತ್ತದೆ; ಕಬ್ಬಿಣದ ಪಿನ್ನು ತುಕ್ಕು ಹಿಡಿದು ಬಿಳಿಯ ಹೊದಿಕೆಯ ಮೇಲೆ ಕಂದು ಕಲೆ ಮೂಡಿಸುತ್ತದೆ; ನೀರು ಹೀರಿದ ಸ್ಪಂಜು ಕೆಳಗಿನ ಹಲಗೆಯನ್ನೇ ತಿಂದುಹಾಕುತ್ತದೆ. ಬಲ್ಲವನು ಪಾಲಿಯೆಸ್ಟರ್ ದಾರವನ್ನೂ ಸ್ಟೇನ್‌ಲೆಸ್ ಉಕ್ಕಿನ ಪಿನ್ನನ್ನೂ ಬಳಸಿ, ನೀರು ಬಸಿದುಹೋಗಲೆಂದು ಹಲಗೆಗೆ ತೂತು ಕೊರೆಯುತ್ತಾನೆ.

ಅವನನ್ನು ಗುರುತಿಸುವುದೆಂತು? ಹಳೆಯ ಹೊದಿಕೆಯನ್ನು ಕಂಡೊಡನೆ “ಎಸೆದುಬಿಡಿ” ಎಂದವನಿಗೆ ದೂರದಿಂದಲೇ ಕೈಮುಗಿಯಬೇಕು. ದೋಣಿಯ ಒಡಲಿನಲ್ಲಿ ನೇರವಾದ ಗೆರೆಗಳೇ ಅಪರೂಪ. ಆ ಬಾಗುಬಳುಕಿನ ಅಳತೆಯೆಲ್ಲ ಇರುವುದು ಆ ಚಿಂದಿಯಲ್ಲಿಯೇ. ಹೊಲಿಗೆ ಬಿಚ್ಚಿ, ತುಂಡುತುಂಡಿಗೂ ಗುರುತು ಹಾಕಿ, ಅದನ್ನೇ ಮಾದರಿಯಾಗಿಟ್ಟು ಹೊಸದನ್ನು ಕತ್ತರಿಸುವವನಿಗೆ ದೋಣಿಯನ್ನು ಒಪ್ಪಿಸಬಹುದು.

ಅಂಥವನು ಸಿಕ್ಕಿದನೆನ್ನಿ, ಹೇಳಿದ ದಿನಕ್ಕೆ ಹೊಲಿದುಕೊಡುವ ದರ್ಜಿ ಇಟಲಿಯಲ್ಲಾದರೂ ಇದ್ದಾನೆಯೆ? ಬೇಸಿಗೆ ಕಳೆದು ಸರೋವರಕ್ಕೆ ಮಂಜು ಕವಿಯುವವರೆಗೂ ಒಡೆಯನು ಬರಿಯ ಹಲಗೆಯ ಮೇಲೆಯೇ ಕುಳಿತಿರಬೇಕು.