ಮೋಡದ ಮೇಲಿಂದಲೇ ಹೊಳ್ಳಿದ ವಿಮಾನ

ಕಳೆದ ಮಳೆಗಾಲದಲ್ಲಿ ಗೆಳೆಯನ ತಂದೆಯನ್ನು ಬೆಂಗಳೂರಿನ ಆಸ್ಪತ್ರೆಗೆ ಕಳಿಸಲು ನಾವು ಮೂವರು ಪುಟ್ಟ ವಿಮಾನ ನಿಲ್ದಾಣವೊಂದಕ್ಕೆ ಹೋಗಿದ್ದೆವು. ಎರಡು ಸಲ ವಿಮಾನದ ಸದ್ದು ಕೇಳಿತು, ವಿಮಾನ ಕಾಣಲಿಲ್ಲ. ಮೋಡ ತೀರಾ ಕೆಳಗಿತ್ತು. ಅದು ಇಳಿಯದೆ ವಾಪಸಾಯಿತು. ಕಾಕಾ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋದರು.

ಹೊರಡುವಾಗ ಅವರು ಕೇಳಿದ್ದು: “ನಿಮ್ಮ ಮೊಬೈಲಿಗೇ ದಾರಿ ತಿಳೀತದ, ಇಮಾನಕ್ಕ ತಿಳ್ಯಂಗಿಲ್ಲೇನು?” ಪತ್ರಿಕೋದ್ಯಮ ಓದಿದ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಕಿದೆವು.

ದೊಡ್ಡ ನಿಲ್ದಾಣಗಳಲ್ಲಿ ರನ್‌ವೇ ಪಕ್ಕದ ಐಎಲ್‌ಎಸ್ ಉಪಕರಣ ರೇಡಿಯೊ ಅಲೆಗಳಿಂದ ಇಳಿಯುವ ದಾರಿ ತೋರಿಸುತ್ತದೆ. ಅದು ದುಬಾರಿ, ಒಂದೊಂದು ರನ್‌ವೇಗೂ ಬೇರೆಯೇ ಬೇಕು. ಆ ಉಪಕರಣವಿಲ್ಲದ ಕಡೆಯೂ ನೆರವಾಗಬಲ್ಲದ್ದು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’. ದೇಶದ 15 ಕೇಂದ್ರಗಳು ಜಿಪಿಎಸ್ ಸಂಕೇತವನ್ನು ಸದಾ ಅಳೆಯುತ್ತವೆ. ಬೆಂಗಳೂರಿನ ಕುಂದಲಹಳ್ಳಿಯಲ್ಲಿ ಅದರ ತಪ್ಪಿನ ಲೆಕ್ಕ ಹಾಕಿ, ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಕ್ಕೆ ತಲುಪಿಸುತ್ತಾರೆ. ಭೂಕಾಂತೀಯ ಸಮಭಾಜಕ ದಕ್ಷಿಣ ಭಾರತದ ಮೇಲೆ ಹಾದುಹೋಗುವುದರಿಂದ ನಮ್ಮ ಮೇಲಿನ ಅಯಾನುಗೋಳ ಬಲು ಚಂಚಲ. ಜಿಪಿಎಸ್ ಲೆಕ್ಕ ಮೀಟರುಗಟ್ಟಲೆ ತಪ್ಪುತ್ತದೆ. ಮೊಬೈಲಿನಲ್ಲಿ ಓಣಿ ಹುಡುಕಲು ಅದು ನಡೆಯುತ್ತದೆ, ವಿಮಾನ ಇಳಿಸಲು ನಡೆಯುವುದಿಲ್ಲ.

ಡಿಜಿಸಿಎ 2015ರ ಏಪ್ರಿಲ್‌ನಲ್ಲಿ ಗಗನ್‌ಗೆ ‘ಎಪಿವಿ-1’ ಮಟ್ಟದ ಪ್ರಮಾಣಪತ್ರ ಕೊಟ್ಟಿತು. ಆ ಮಟ್ಟದಲ್ಲಿ ದೋಷದ ಮಿತಿ ಅಡ್ಡಕ್ಕೆ 40 ಮೀಟರ್, ಎತ್ತರದಲ್ಲಿ 50 ಮೀಟರ್. ಅದು ಮೀರಿದರೆ 10 ಸೆಕೆಂಡಿನೊಳಗೆ ‘ನನ್ನನ್ನು ನಂಬಬೇಡಿ’ ಎಂದು ವ್ಯವಸ್ಥೆಯೇ ಎಚ್ಚರಿಸಬೇಕು. ಸರಿ ಹೇಳುವುದಷ್ಟೇ ಅಲ್ಲ, ತಪ್ಪಿದಾಗ ಕೂಡಲೇ ಒಪ್ಪಿಕೊಳ್ಳುವುದೂ ಪರೀಕ್ಷೆಯೇ. ಸುದ್ದಿ ಬರೆಯುವ ನಮಗೆ ಈ ಮಾತು ನಾಟಿತು.

ಆದರೂ ಇಂಡಿಗೊದ ಎಟಿಆರ್ ವಿಮಾನ ಗಗನ್ ನೆಚ್ಚಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿದದ್ದು 2022ರ ಏಪ್ರಿಲ್‌ನಲ್ಲಿ, ಏಳು ವರ್ಷಗಳ ನಂತರ. ಉಪಗ್ರಹ ಮೇಲಿದ್ದರೆ ಸಾಲದು. ಪ್ರತಿ ರನ್‌ವೇಗೂ ಇಳಿಯುವ ದಾರಿ ರೂಪಿಸಿ, ಹಾರಿಸಿ ಪರೀಕ್ಷಿಸಬೇಕು. ವಿಮಾನದಲ್ಲಿ ರಿಸೀವರ್ ಇರಬೇಕು, ಪೈಲಟ್‌ಗೆ ತರಬೇತಿ ಆಗಿರಬೇಕು. ಇಷ್ಟಾದರೂ ನಿಗದಿತ ಎತ್ತರಕ್ಕೆ ಬಂದಾಗ ರನ್‌ವೇ ಕಣ್ಣಿಗೆ ಕಾಣದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು. ಹಾಗಾಗಿ ಗಗನ್ ಇದ್ದಿದ್ದರೂ ಅಂದು ವಿಮಾನ ಇಳಿಯುತ್ತಿತ್ತು ಎನ್ನಲಾರೆವು.

ಚಿಕಿತ್ಸೆ ಮುಗಿಸಿ ಬಂದ ಕಾಕಾಗೆ ಇದನ್ನೆಲ್ಲ ಹೇಳಿದೆವು. “ಕಾಣಲಿಲ್ಲಂದ್ರ ಹೊಳ್ಳಿ ಹೋಗಿದ್ದ ಛಲೋ ಆತು ಬಿಡ್ರಪ್ಪಾ. ಆದ್ರ ನಮ್ಮ ಕಡೆ ಇದು ಯಾವಾಗ ಬರ್ತದ?” ಎಂದರು.

ಆ ಪ್ರಶ್ನೆಯನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಬರೆದು ಕಳಿಸಿದ್ದೇವೆ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇವೆ.