ಪರದೇಶದ ಬರಿದು ಮನೆಯೂ ಇಚ್ಛಾಪರಿಮಾಣವೂ

ಮುನಿಗೆ ಮನೆಯಿಲ್ಲ. ಶ್ರಾವಕನಿಗಾದರೋ ಮನೆಯೇ ಧರ್ಮಸಾಧನೆಯ ಕ್ಷೇತ್ರ. ಆಹಾರದಾನ, ಸ್ವಾಧ್ಯಾಯ, ಅತಿಥಿಸತ್ಕಾರಗಳೆಲ್ಲ ಒಂದು ಸೂರಿನ ಆಶ್ರಯವನ್ನು ಬೇಡುತ್ತವೆ. ಆದುದರಿಂದಲೇ ಜೈನಾಚಾರ್ಯರು ಗೃಹಸ್ಥನಿಗೆ ಪರಿಗ್ರಹದ ಸರ್ವತ್ಯಾಗವನ್ನು ವಿಧಿಸದೆ ಅದರ ಪರಿಮಾಣವನ್ನು ವಿಧಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಣುವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ವಸ್ತುವಿನೊಡನೆ ಅದರ ಮೇಲಣ ಬಯಕೆಯನ್ನೂ ಅಳೆಯಬೇಕೆಂಬ ಸೂಚನೆ ಆ ಹೆಸರಿನಲ್ಲಿಯೇ ಅಡಗಿದೆ.

ಆದರೆ ಈ ವ್ರತವನ್ನು ಸ್ವೀಕರಿಸುವ ಹೊತ್ತಿಗೆ ಮನೆ ಸಾಮಾನ್ಯವಾಗಿ ತುಂಬಿರುತ್ತದೆ. ಇರುವುದನ್ನೆಲ್ಲ ಎಣಿಸಿ, ಇನ್ನಷ್ಟಕ್ಕೆ ಎಡೆಯಿಟ್ಟು, ಅದರ ಸುತ್ತ ಗೆರೆಯೆಳೆದು ಮಿತಿಯೆಂದು ಕರೆಯುವುದು ರೂಢಿ. ಊರಿನ ಹಳೆಯ ಮನೆಗಳಲ್ಲಿ ಚಾವಡಿಯ ಮಂಚ, ಅಕ್ಕಿಯ ಪತ್ತಾಯ, ತಾಮ್ರದ ಹಂಡೆ, ಎಲ್ಲವೂ ಹಿರಿಯರಿಂದ ಬಂದವು. ಇದು ಬೇಕೇ, ಬೇಡವೇ ಎಂದು ಕೇಳುವ ಪ್ರಸಂಗವೇ ಅಲ್ಲಿ ಒದಗುವುದಿಲ್ಲ. ಆ ಪ್ರಶ್ನೆ ಪ್ರತಿಯೊಂದು ವಸ್ತುವಿನ ಮುಂದೆಯೂ ನಿಂತು ಕೇಳುವುದು, ಮನುಷ್ಯನು ಊರು ಬಿಟ್ಟು ಬರಿಗೋಡೆಗಳ ನಡುವೆ ಸಂಸಾರ ಹೂಡಬೇಕಾದಾಗ.

ಮೂಡುಬಿದಿರೆಯ ಕಡೆಯ ಒಂದು ಯುವದಂಪತಿ ಉದ್ಯೋಗನಿಮಿತ್ತ ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಹೋದರು. ಕೈಯಲ್ಲಿ ತಲಾ 23 ಕಿಲೋಗ್ರಾಂ ತೂಕದ ಎರಡು ಪೆಟ್ಟಿಗೆಗಳು ಮಾತ್ರ. ಆ ದೇಶದಲ್ಲಿ ಬಾಡಿಗೆಯ ಮನೆ ಎಂದರೆ ಅನೇಕ ವೇಳೆ ಅಕ್ಷರಶಃ ಬರಿದು ಮನೆ. ಅಡುಗೆಯ ಕೋಣೆಯಲ್ಲಿ ಒಲೆಯಿಲ್ಲ, ಪಾತ್ರೆ ತೊಳೆಯುವ ತೊಟ್ಟಿಯಿಲ್ಲ, ಕಪಾಟಿಲ್ಲ. ನೀರಿನ ಕೊಳವೆಯ ಬಾಯಿ ಮಾತ್ರ ಗೋಡೆಯಿಂದ ಇಣುಕುತ್ತಿರುತ್ತದೆ. ದೀಪವಿರಬೇಕಾದಲ್ಲಿ ಮಾಡಿನಿಂದ ಎರಡು ತಂತಿಗಳು ಜೋತಾಡುತ್ತಿರುತ್ತವೆ. ಹಿಂದಿನ ಬಾಡಿಗೆದಾರನು ತನ್ನ ಅಡುಗೆಮನೆಯನ್ನು ಕಳಚಿ ಒಯ್ಯುವುದೂ ಉಂಟು, ಹೊಸಬರಿಗೆ ಮಾರಿ ಹೋಗುವುದೂ ಉಂಟು. ಮುಂಗಡವಾಗಿ ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಕೇಳಲು ಕಾನೂನಿನ ಅವಕಾಶವಿದೆ. ಅದನ್ನು ತೆತ್ತ ಮೇಲೆ ದಂಪತಿಯ ಬಳಿ ಉಳಿದ ಹಣ ಅತ್ಯಲ್ಪ.

ಮೊದಲ ನಿರ್ಣಯವನ್ನು ಧರ್ಮವೇ ಮಾಡಿಕೊಟ್ಟಿತು. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯ ಸುಮಾರಿಗೇ ಸೂರ್ಯಾಸ್ತ. ರಾತ್ರಿಭೋಜನವನ್ನು ತ್ಯಜಿಸಿದವರು ಕೆಲಸ ಮುಗಿಸಿ ಮನೆಗೆ ಬಂದು ಉಣ್ಣುವೆನೆಂದರೆ ಆಗದು. ಬೆಳಗ್ಗೆಯೇ ಬೇಯಿಸಿ ಬುತ್ತಿ ಒಯ್ಯಬೇಕು. ಹೀಗಾಗಿ ಹಾಸಿಗೆಗಿಂತ ಮೊದಲು ಒಲೆ ಬಂತು. ಊರಿನ ಮಿಕ್ಸಿಗೆ ಅಲ್ಲಿನ 230 ವೋಲ್ಟಿನ ವಿದ್ಯುತ್ತು ಹೊಂದಿಕೊಂಡಿತು. ಪ್ಲಗ್ಗನ್ನು ಮಾತ್ರ ಬದಲಿಸಬೇಕಾಯಿತು. ನೀರು ಸೋಸುವ ಬಟ್ಟೆ ಪೆಟ್ಟಿಗೆಯಲ್ಲಿಯೇ ಬಂದಿತ್ತು. ಎರಡನೆಯ ವಾರ ಪತ್ನಿಯು ಒಂದು ನೋಟುಪುಸ್ತಕದಲ್ಲಿ, ಈ ಮನೆಗೆ ಬರಬಹುದಾದ ವಸ್ತುಗಳು ಇಷ್ಟೇ ಎಂದು ಬರೆದಳು: ಒಂದು ಮೇಜು, ನಾಲ್ಕು ಕುರ್ಚಿ, ಎರಡು ಮಂಚ, ಒಂದು ಕಪಾಟು, ಆರು ತಟ್ಟೆ. ಪತಿಯೂ ಅದಕ್ಕೆ ಸಹಿ ಹಾಕಿದನು.

ಆ ಸಹಿಗೆ ಪರೀಕ್ಷೆ ಬರಲು ತಡವಾಗಲಿಲ್ಲ. ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಮನೆ ಬದಲಾಯಿಸುವವರಿದ್ದು, ತಮ್ಮ ಚರ್ಮದ ಸೋಫಾವನ್ನು ಉಚಿತವಾಗಿ ಕೊಡುವೆನೆಂದರು. ಬೇಸಿಗೆಯಲ್ಲಿ ಪತಿಯ ತಂದೆ ಬರುವವರಿದ್ದರು. ಅವರಿಗೆ ಮೊಣಕಾಲಿನ ಬೇನೆ, ನೆಲದ ಮೇಲೆ ಕೂರಲಾರರು. ಪತಿಯ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆ ಪ್ರಾಣಿ ಎಂದೋ ಸತ್ತಿದೆ, ಕೊಲ್ಲಿಸಿದವರು ಇವರಲ್ಲ, ಹಣವನ್ನೂ ಕೊಡುತ್ತಿಲ್ಲವಾದ್ದರಿಂದ ಆ ವ್ಯಾಪಾರಕ್ಕೆ ಪೋಷಣೆಯಿಲ್ಲ. ಬೇಡವೆಂದರೆ ಸೋಫಾ ಕಸಕ್ಕೆ ಹೋದೀತು. ಹೊಸದನ್ನು ಕೊಂಡರೆ ಅದಕ್ಕಾಗಿ ಇನ್ನೊಂದು ಮರ ಉರುಳೀತು.

ಪತ್ನಿಯ ಉತ್ತರ ಚಿಕ್ಕದಾಗಿತ್ತು: "ಕೃತ, ಕಾರಿತ ಎರಡೂ ಇಲ್ಲ, ಸರಿ. ಅನುಮೋದನೆ? ದಿನವೂ ಅದರ ಮೇಲೆ ಕುಳಿತು, ಎಷ್ಟು ಮೆತ್ತಗಿದೆ ಎಂದುಕೊಳ್ಳುವುದು ಏನಾಗುತ್ತದೆ?"

ಬಳಸಿದ ಚರ್ಮದ ವಿಷಯದಲ್ಲಿ ವಿವೇಕಿಗಳಾದ ಶ್ರಾವಕರಲ್ಲಿಯೂ ಭಿನ್ನಾಭಿಪ್ರಾಯ ಇರಬಹುದು. ಆದರೆ ಹಿಂಸೆಯನ್ನು ಮಾಡುವುದು, ಮಾಡಿಸುವುದು, ಒಪ್ಪುವುದು ಎಂದು ಮೂರು ಬಾಗಿಲುಗಳನ್ನು ಗುರುತಿಸಿದ ಧರ್ಮವು ಮೂರನೆಯದನ್ನು ಕಾಯುವುದೇ ಕಠಿನವೆಂಬುದನ್ನು ಬಲ್ಲದು. ಕೊಲ್ಲುವ ಕೈ ಕಣ್ಣಿಗೆ ಕಾಣುತ್ತದೆ. ಒಪ್ಪುವ ಮನಸ್ಸು ತನಗೇ ಕಾಣುವುದಿಲ್ಲ. ಹಂಸ ಬಾತುಗಳ ಗರಿ ತುಂಬಿದ ಹೊದಿಕೆ, ಉಣ್ಣೆಯ ನೆಲಹಾಸು, ಗೂಡಿನ ಹುಳುವನ್ನು ಬಿಸಿಗೆ ಒಡ್ಡಿ ತೆಗೆದ ರೇಷ್ಮೆಯ ದಿಂಬು ಇವೆಲ್ಲ ಅಂಗಡಿಯಲ್ಲಿ ಬಣ್ಣ, ಬೆಲೆಗಳಾಗಿ ಮಾತ್ರ ಕಾಣುತ್ತವೆ. ರೇಷ್ಮೆಯ ನಾಡಾದ ಕರ್ನಾಟಕದಿಂದ ಹೋದವರು ಈ ಮಾತನ್ನು ಪರದೇಶಕ್ಕೆ ಮಾತ್ರ ಅನ್ವಯಿಸುವಂತಿಲ್ಲ.

ಸೋಫಾ ಬರಲಿಲ್ಲ. ಪತಿಯು ಕಾರಣವನ್ನು ಮುಚ್ಚಿಡದೆ ಹೇಳಿದನು. ಸಹೋದ್ಯೋಗಿ ಕೊಂಚ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು. ಒಪ್ಪಿದರೋ ನೊಂದರೋ ತಿಳಿಯಲಿಲ್ಲ. ಹಿರಿಯರಿಗಾಗಿ ಬಳಸಿದ ಮರದ ತೋಳುಕುರ್ಚಿಯೊಂದನ್ನು ಕೊಂಡು, ಅದಕ್ಕೆ ಹತ್ತಿಯ ದಿಂಬನ್ನು ಹೊಲಿದರು. ಆ ಖರ್ಚಿನಿಂದಾಗಿ ತಮ್ಮ ಮಂಚವನ್ನು ಎರಡು ತಿಂಗಳು ಮುಂದೂಡಿ ನೆಲದ ಮೇಲೆಯೇ ಮಲಗಿದರು. ತಂದೆಯ ನೋವನ್ನು ಲೆಕ್ಕಿಸದ ವ್ರತ ವ್ರತವಾಗದು; ತನ್ನ ಸುಖವನ್ನು ಕೊಂಚವೂ ಬಿಡದ ವ್ರತವೂ ವ್ರತವಾಗದು.

ಅಂಗಡಿಯ ಆಕರ್ಷಣೆಯಾದರೋ ಬೇರೆಯೇ ಬಗೆಯದು. ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಮಾರಿ, ಕೊಂಡವರೇ ಮನೆಯಲ್ಲಿ ಜೋಡಿಸಿಕೊಳ್ಳುವ ಕ್ರಮವನ್ನು ಸ್ವೀಡನ್ನಿನ ಐಕಿಯಾ ಸಂಸ್ಥೆ 1950ರ ದಶಕದಲ್ಲಿ ಬೆಳೆಸಿತು. ಸಾಗಣೆಯ ವೆಚ್ಚ ತಗ್ಗಿ, ಸಾಮಾನ್ಯರಿಗೂ ಪೀಠೋಪಕರಣಗಳು ಎಟುಕಿದವು. ಅದು ಉಪಕಾರವೇ ಸರಿ. ಆದರೆ ಬೆಲೆ ಇಳಿದಾಗ ಬೇಕು ಎಂಬುದರ ಅಳತೆಯೂ ಸಡಿಲಗೊಳ್ಳುತ್ತದೆ. ಸಮಂತಭದ್ರರು ಈ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳೊಡನೆ ವಿಸ್ಮಯವನ್ನೂ ಎಣಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು ವಿಸ್ಮಯ. ಅಲಂಕರಿಸಿದ ಮಾದರಿ ಕೋಣೆಗಳ ನಡುವೆ ನಡೆದು ಮನೆಗೆ ಮರಳಿದವನಿಗೆ ತನ್ನ ಕೋಣೆ ಕಳಾಹೀನವಾಗಿ ತೋರಿದರೆ, ಏನನ್ನೂ ಕೊಳ್ಳದಿದ್ದರೂ ವ್ರತಕ್ಕೆ ಅಷ್ಟರಮಟ್ಟಿಗೆ ಕುಂದು ಬಂದಂತೆಯೇ.

ಮಿತಿಯಿಂದ ಅನನುಕೂಲವೂ ಆಯಿತು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಒಂಬತ್ತನೆಯದಾದ ಉತ್ತಮ ಆಕಿಂಚನ್ಯದ ದಿನ, ಸುತ್ತಲಿನ ಊರುಗಳ ಜೈನ ಕುಟುಂಬಗಳಿಂದ ಹನ್ನೆರಡು ಮಂದಿ ಊಟಕ್ಕೆ ಬಂದರು. ಮನೆಯಲ್ಲಿದ್ದುದು ಆರೇ ತಟ್ಟೆ. ಪತ್ನಿಯು ಕೆಳಗಿನ ಮನೆಯ ವೃದ್ಧೆಯ ಬಾಗಿಲನ್ನು ಮೊದಲ ಬಾರಿಗೆ ತಟ್ಟಿ, ಸಸ್ಯಾಹಾರಕ್ಕೆ ಸಲ್ಲುವ ಹೊಸ ತಟ್ಟೆಗಳಿದ್ದರೆ ಕೊಡುವಿರಾ ಎಂದು ಕೇಳಿದಳು. ಆಕೆ ಬಳಸದೆ ಎತ್ತಿಟ್ಟಿದ್ದ ಪಿಂಗಾಣಿಯ ತಟ್ಟೆಗಳನ್ನು ತಾನೇ ಹೊತ್ತು ತಂದಳು. ಒಂದೇ ಮಾಡಿನಡಿ ಒಂಬತ್ತು ತಿಂಗಳಿದ್ದರೂ ಆ ಎರಡು ಮನೆಗಳ ನಡುವೆ ಅದುವರೆಗೆ ಮಾತಿರಲಿಲ್ಲ. ಎಲ್ಲವೂ ಇರುವ ಮನೆಗೆ ನೆರೆಯವರ ಬಾಗಿಲು ತಟ್ಟುವ ಪ್ರಮೇಯವೇ ಬಾರದು.

ಇಂದು ಹಲವು ಮನೆಗಳ ಮಕ್ಕಳು ಪರದೇಶಕ್ಕೆ ಹೊರಡುತ್ತಿದ್ದಾರೆ. ತಂದೆತಾಯಿಗಳು ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಜಿನಬಿಂಬದ ಚಿತ್ರಪಟಗಳನ್ನು ಇರಿಸುತ್ತಾರೆ. ಅವುಗಳೊಡನೆ ಒಂದು ಖಾಲಿ ನೋಟುಪುಸ್ತಕವನ್ನೂ ಇರಿಸಬಹುದು. ಬಸದಿಗಳ ಆಡಳಿತ ಮಂಡಲಿಗಳು ಹೊರಡುವವರನ್ನು ಕರೆದು ಹರಸುವಾಗ ಅಣುವ್ರತದ ಈ ಒಂದು ಅಂಶವನ್ನು ತಿಳಿಸಿಕೊಡಬಹುದು. ಮೊದಲ ಸಾಮಾನು ಒಳಗೆ ಬರುವ ಮುನ್ನವೇ ಗೆರೆಯನ್ನೆಳೆಯಲು ಗೃಹಸ್ಥನಿಗೆ ದೊರೆಯುವ ಅವಕಾಶ ಬಾಳಿನಲ್ಲಿ ಒಂದೋ ಎರಡೋ ಸಲ. ಮನೆ ತುಂಬಿದ ಮೇಲೆ ಎಳೆಯುವ ಗೆರೆಗೆ ಬಯಕೆಯು ತಾನೇ ಜಾಗ ಗೊತ್ತುಮಾಡಿರುತ್ತದೆ.