ಗೋಡೆ ಚಿವುಟಿದ ಪ್ರಸಂಗ

ಮುಂಬಯಿಯ ಕಡೆ ಸಂಸಾರ ಹೂಡಿದವರಿಗೆ ಗೋಡೆ ಎಷ್ಟು ತೆಳ್ಳಗಿರುತ್ತದೆಂದು ಹೇಳಬೇಕಾಗಿಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ ಪಕ್ಕದವರ ಕುಕ್ಕರಿನ ಸೀಟಿ ಎಣಿಸಿ ನಮ್ಮ ಒಲೆ ಆರಿಸಿದ್ದೂ ಉಂಟು. ಇಂಥ ನಾಲ್ಕೂವರೆ ಇಂಚಿನ ಗೋಡೆಗೆ ಹಿತ್ತಾಳೆಯ ಆಭರಣ ತೊಡಿಸುವ ಹುಚ್ಚು ನಮಗೆ ಹಿಡಿದದ್ದು 2019ರ ದೀಪಾವಳಿಯ ಮುಂಚೆ.

ಕಟ್ಟಡ 1978ರದು. ಪ್ಲಗ್ಗುಗಳೆಲ್ಲ ಆ ಕಾಲದ ಕಪ್ಪು ಬೇಕಲೈಟಿನವು, ಬಿರುಕು ಬಿಟ್ಟಿದ್ದವು. ಲೋಹಾರ್ ಚಾಳಿಗೆ ಹೋಗಿ, ಹತ್ತು ಅಂಗಡಿ ಹತ್ತಿ ಇಳಿದು, ಅಂಚಿನಲ್ಲಿ ಬಳ್ಳಿ ಕೆತ್ತಿದ ನಾಲ್ಕು ಹಿತ್ತಾಳೆ ಸಾಕೆಟ್ಟುಗಳನ್ನು ಕೊಂಡು ತಂದೆವು. ಬೆಲೆಯನ್ನು ಊರಿಂದ ಬಂದಿದ್ದ ಅಮ್ಮನಿಗೆ ಅರ್ಧ ಮಾಡಿ ಹೇಳಿದೆವು.

ವೈರ್‌ಮನ್ ಬಂದ. ಹಳೆಯದನ್ನು ಬಿಚ್ಚಿದರೆ ಒಳಗೆ ಒಂದೂಕಾಲು ಇಂಚು ಆಳದ ಮರದ ಪೆಟ್ಟಿಗೆ. ಹೊಸದರ ಬೆನ್ನೇ ಒಂದಿಂಚು ದಪ್ಪ. ಉಳಿದ ಕಾಲಿಂಚಿನಲ್ಲಿ ಮೂರು ತಂತಿಗಳು ಬಾಗಿ, ತಿರುಗಿ, ಕೂರಬೇಕು! ಆತ ಚಕ್ಕುಲಿಯಂತೆ ಸುತ್ತಿದ, ತುರುಕಿದ, ಅಂಗೈಯಿಂದ ಗುದ್ದಿದ. ಫಲಕ ಮಾತ್ರ ಅರ್ಧ ಬೆರಳು ಹೊರಗೇ ನಿಂತಿತು. ಕಡೆಗೆ ಉದ್ದದ ಸ್ಕ್ರೂ ಹಾಕಿ ಎಳೆದು ಕೂರಿಸಿದ. ಅವನು ಹೋದ ಮೇಲೆ ನೆಲದಲ್ಲಿ ಹಸಿರು ತಂತಿಯ ತುಂಡುಗಳು ಬಿದ್ದಿದ್ದವು. ಕಸವೆಂದು ಗುಡಿಸಿ ಹಾಕಿದೆವು. ಗೋಡೆ ನೋಡಿ ನಾವಿಬ್ಬರೂ ಹಿಗ್ಗಿದ್ದೇ ಹಿಗ್ಗಿದ್ದು.

ಮೂರನೆಯ ದಿನ ಅಮ್ಮ ದೇವರ ದೀಪಗಳನ್ನು ಹುಣಿಸೆಹುಳಿಯಲ್ಲಿ ಬೆಳಗುತ್ತಿದ್ದರು. ಹಿತ್ತಾಳೆಯೆಂದ ಮೇಲೆ ಗೋಡೆಯದ್ದಾದರೇನು? ಅದೇ ಒದ್ದೆ ಬಟ್ಟೆಯನ್ನು ದೇವರ ಮೂಲೆಯ ಸಾಕೆಟ್ಟಿಗೂ ಇಟ್ಟರು.

"ಅಯ್ಯೋ, ಗೋಡೆ ಚಿವುಟ್ತದಲ್ಲ ಮಗಾ!"

ವಯಸ್ಸಾಯಿತು, ಕೈ ಜೋಮು ಹಿಡಿದಿರಬೇಕೆಂದು ನಾವು ನಕ್ಕೆವು. ಆ ನಗು ಈಗಲೂ ನಮ್ಮನ್ನು ಚುಚ್ಚುತ್ತದೆ. ಸುಮ್ಮನೆ ಇರಲಿ ಎಂದು ಟೆಸ್ಟರ್ ತಂದು ಮುಟ್ಟಿಸಿದರೆ ಬಳ್ಳಿಯ ಎಲೆ ಎಲೆಯಲ್ಲೂ ದೀಪ ಹತ್ತಿತು. ಅಮ್ಮ ನಿಂತಿದ್ದುದು ಒಣಗಿದ ಮರದ ಮಣೆಯ ಮೇಲೆ. ಪಕ್ಕದಲ್ಲೇ ದೀಪ ತೊಳೆದ ನೀರು ನೆಲವೆಲ್ಲ ಹರಿದಿತ್ತು. ಆಕೆ ಆ ಒಂದು ಹೆಜ್ಜೆ ಈಚೆ ಇಟ್ಟಿದ್ದರೆ ಎಂದು ಯೋಚಿಸಲು ಧೈರ್ಯ ಬರಲಿಲ್ಲ. ಮೇನ್ ಆರಿಸಿ, ಆ ರಾತ್ರಿಯನ್ನು ಮೇಣದ ಬತ್ತಿಯಲ್ಲಿ ಕಳೆದೆವು.

ಮರುದಿನ ವಯಸ್ಸಾದ ಮಿಸ್ತ್ರಿಯೊಬ್ಬರು ಬಂದು ಬಿಚ್ಚಿ ತೋರಿಸಿದರು. ಉದ್ದದ ಸ್ಕ್ರೂ ಕೆಂಪು ತಂತಿಯ ಹೊದಿಕೆ ಸೀಳಿ ತಾಮ್ರಕ್ಕೆ ತಾಗಿತ್ತು. ಸ್ಕ್ರೂವಿನಿಂದ ಫಲಕಕ್ಕೆ ಕರೆಂಟು ನೇರ ದಾರಿ. ಅರ್ಥಿಂಗಿನ ಹಸಿರು ತಂತಿಯಿದ್ದಿದ್ದರೆ ಕರೆಂಟು ಅದರ ಮೂಲಕ ಭೂಮಿಗೆ ಹರಿದು ಫ್ಯೂಸು ಹಾರುತ್ತಿತ್ತು. ಜಾಗ ಸಾಲದೆಂದು ಮೊದಲಿನವನು ಅದನ್ನೇ ಕತ್ತರಿಸಿದ್ದ! ಬೇಕಲೈಟಿನ ಮುಖದಲ್ಲಿ ಕರೆಂಟು ಹರಿಯದು, ಮರದ ಪೆಟ್ಟಿಗೆಯಿದ್ದರೂ ನಡೆದೀತು. ಲೋಹದ ಮುಖಕ್ಕೆ ಅರ್ಥಿಂಗಿಲ್ಲದೆ ನಡೆಯದು. ಮೂರು ಪಿನ್ನುಗಳಲ್ಲಿ ಮೇಲಿನದು ಉದ್ದ ಏಕೆ ಗೊತ್ತೇ ಎಂದು ಅವರೇ ಕೇಳಿ ಅವರೇ ಉತ್ತರ ಹೇಳಿದರು: ಪ್ಲಗ್ಗು ಚುಚ್ಚುವಾಗ ಮೊದಲು ಅರ್ಥ್ ಮುಟ್ಟಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಇಷ್ಟು ವರ್ಷ ದಿನಾ ಪ್ಲಗ್ಗು ಚುಚ್ಚಿದ ನಾವು ಅದನ್ನು ಯೋಚಿಸಿದವರೇ ಅಲ್ಲ.

ಎರಡು ದಿನ ಉಳಿ ಸುತ್ತಿಗೆಯ ಸಡಗರ. ಮೂರು ಕಡೆ ಇಟ್ಟಿಗೆ ಕೆತ್ತಿ ಎರಡಿಂಚು ಆಳದ ಕಬ್ಬಿಣದ ಪೆಟ್ಟಿಗೆ ಕೂರಿಸಿದರು. ಪಕ್ಕದವರು ಎರಡು ಸಲ ಬಾಗಿಲು ಬಡಿದರು. ಮೂರನೆಯ ಸಲ ಅಮ್ಮ ಚಹ ಕೊಟ್ಟು ಕಳಿಸಿದರು. ಫ್ರಿಜ್ಜಿನ ಕಡೆಯದು ಕಾಂಕ್ರೀಟಿನ ಕಂಬ. ಕಂಬಕ್ಕೆ ಉಳಿ ಇಡಲಾರೆನೆಂದು ಮಿಸ್ತ್ರಿ ಖಂಡಿತವಾಗಿ ಹೇಳಿ, ಅಲ್ಲಿ ಗೋಡೆಯ ಮೇಲೆಯೇ ಒಂದು ಚೌಕಟ್ಟು ಕೂರಿಸಿ ಸಾಕೆಟ್ಟನ್ನು ಮುಂದಕ್ಕೆ ತಂದರು. ಅದೊಂದು ಉಬ್ಬುಹಲ್ಲಿನಂತೆ ಕಾಣುತ್ತದೆ, ಕಾಣಲಿ. ಹಸಿರು ತಂತಿಯನ್ನು ಹೊಸದಾಗಿ ಎಳೆದು, ಸಾಕೆಟ್ಟಿಗೊಂದು, ಪೆಟ್ಟಿಗೆಗೊಂದು, ಫಲಕಕ್ಕೊಂದು ಕವಲು ಕೊಟ್ಟರು. ಮೀಟರಿನಿಂದೀಚೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಖರ್ಚು ಸಾಕೆಟ್ಟಿನ ಬೆಲೆಯನ್ನು ಮೀರಿತು. ಈ ಲೆಕ್ಕವನ್ನು ಅಮ್ಮನಿಗೆ ಪೂರ್ತಿಯಾಗಿಯೇ ಹೇಳಿದೆವು.

ಅಮ್ಮ ಊರಿಗೆ ಮರಳಿದರು. ಫೋನಿನಲ್ಲಿ ಮಕ್ಕಳ ಯೋಗಕ್ಷೇಮ ಕೇಳಿದ ಮೇಲೆ, "ಗೋಡೆ ಈಗ ಸುಮ್ಮನಿದೆಯಲ್ಲ?" ಎನ್ನುತ್ತಾರೆ. ಹಿತ್ತಾಳೆ ಮಸುಕಾಗಿದೆ. ಮೇನ್ ಆರಿಸಿ ಒಣಬಟ್ಟೆಯಿಂದ ನಾವೇ ಒರೆಸುತ್ತೇವೆ. ಅಮ್ಮನ ಹುಣಿಸೆಹುಳಿಯ ಹೊಳಪು ಬರುವುದಿಲ್ಲ.